ಬ್ಲೂಸ್ ಬ್ಯಾಂಡಿನ ಎರಡನೇ ಆಲ್ಬಮ್: ಹಾಡುಗಳನ್ನು ಮೊದಲು ಪಳಗಿಸಿ

ಪ್ರಶ್ನೆ: ಸರ್, ನಾವು ಬೆಳಗಾವಿಯ ನಾಲ್ವರು ಗೆಳೆಯರು. ನಾನು ಗಿಟಾರ್, ಉಳಿದವರು ಬೇಸ್, ಡ್ರಮ್ಸ್, ಹಾಡುಗಾರಿಕೆ. ಕಾಲೇಜಿನಲ್ಲಿದ್ದಾಗ ಕಟ್ಟಿದ ಬ್ಯಾಂಡ್. ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪು ಜನರ ಗೋಳಿನ ಹಾಡು, ನಮಗೆ ಪ್ರಾಣ. ಅದರ ಮೇಲೆ ರಾಕ್ ಕಟ್ಟಿ ಕನ್ನಡದಲ್ಲಿ ಹಾಡುತ್ತೇವೆ. ಮೊದಲ ಆಲ್ಬಮ್‌ನ ಎಂಟು ಹಾಡುಗಳನ್ನು ಗೆಳೆಯನ ಮನೆಯ ಹಾಲ್‌ನಲ್ಲಿ ಮೂರೇ ದಿನದಲ್ಲಿ ರೆಕಾರ್ಡ್ ಮಾಡಿದ್ದೆವು. ಜನ ಇಷ್ಟಪಟ್ಟರು. ಹುಬ್ಬಳ್ಳಿ, ಕೊಲ್ಹಾಪುರ, ಗೋವಾದಿಂದ ಕರೆ ಬಂತು. ಈಗ ಎರಡನೆಯದಕ್ಕೆ ಎರಡು ತಿಂಗಳಲ್ಲಿ ಹನ್ನೊಂದು ಹಾಡು ಬರೆದು ಕಂಪ್ಯೂಟರಿನಲ್ಲಿ ಡೆಮೊ (ಮಾದರಿ ರೆಕಾರ್ಡಿಂಗ್) ಮಾಡಿದ್ದೇವೆ. ಕೇಳಿದರೆ ಅರ್ಧ ಹಾಡುಗಳು ಮೊದಲ ಆಲ್ಬಮ್‌ನ ನಕಲಿನಂತಿವೆ, ಇನ್ನರ್ಧ ಬೇರೆ ಯಾರದೋ ಹಾಡಿನಂತಿವೆ. ಡ್ರಮ್ಮರ್ ಮುಂಬೈನ ದೊಡ್ಡ ಸ್ಟುಡಿಯೋಗೆ ಹೋಗೋಣ ಅಂತಾನೆ. ನಮ್ಮ ಹತ್ತಿರ ಇರುವುದು ಒಟ್ಟು ಮೂರು ಲಕ್ಷ. ಹಾಡುವವನು ಒಂಟಿ ತಂತಿಯ ನಮ್ಮ ಜನಪದ ವಾದ್ಯ ಚೌಡಕಿ ಸೇರಿಸೋಣ ಅಂತಾನೆ. ಬೇಸ್ ನುಡಿಸುವವನು ಬ್ಲೂಸೇ ಬೇಡ ಅಂತಾನೆ. ಹಿಂದುಸ್ತಾನಿ ಹಾಡುವ ನನ್ನ ಸೋದರಮಾವ ‘ಮೂರ್ ಕಾರ್ಡಿನ್ಯಾಗ ಇನ್ನೆಷ್ಟ್ ಹಾಡ ತಗೀತೀರೋ?’ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಒಂದು ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ಧಾಟಿ) ಮತ್ತು ಒಂದು ಸಾಲು ಹಳೆಯ ಅಮೆರಿಕನ್ ಬ್ಲೂಸ್ ಹಾಡಿನಿಂದ ಬಂದಿವೆ. ‘ಬ್ಲೂಸ್ ಯಾರಪ್ಪನ ಆಸ್ತೀನೂ ಅಲ್ಲ, ಬಿಡು’ ಅಂತ ಗೆಳೆಯರು ಹೇಳುತ್ತಾರೆ. ಎರಡನೇ ಆಲ್ಬಮ್ ಯಾವ ಬ್ಯಾಂಡಿಗೂ ಕೈ ಹಿಡಿಯುವುದಿಲ್ಲ ಅನ್ನುವುದು ನಿಜವಾ? ಎರಡು ಡೆಮೊ, ಜೊತೆಗೆ ರಿಹರ್ಸಲ್‌ನಲ್ಲಿ ಮೊಬೈಲಿನಲ್ಲಿ ಹಿಡಿದ ಒಂದು ರೆಕಾರ್ಡಿಂಗ್ ಕಳಿಸಿದ್ದೇನೆ. ಕೇಳಿ ಹೇಳಿ.
— ಒಬ್ಬ ಓದುಗ, ವಡಗಾವಿ, ಬೆಳಗಾವಿ

ಉತ್ತರ: ಮೂರನ್ನೂ ಕೇಳಿದೆ. ಮೊಬೈಲಿನದನ್ನು ನಾಲ್ಕು ಸಲ ಕೇಳಿದೆ. ಅದರಿಂದಲೇ ಶುರು ಮಾಡುತ್ತೇನೆ.

ಕಬ್ಬಿನ ಬಾಕಿ ಹಣದ ಹಾಡು ಅದು. ಹಿಂದೆ ಪಕ್ಕದ ಮನೆಯ ಪವರ್‌ಲೂಮ್ ಖಟಖಟ ಅನ್ನುತ್ತಿದೆ. ನಿಮ್ಮ ಹಾಡುಗಾರ ಹಾಡುತ್ತಾನೆ:

ಕಾರ್ಖಾನಿಗಿ ಕಬ್ಬ ಕಳಿಸೇನಿ, ಬಿಲ್ಲ ಇನ್ನೂ ಬಂದಿಲ್ಲ
ಏ ತಮ್ಮಾ, ಕಾರ್ಖಾನಿಗಿ ಕಬ್ಬ ಕಳಿಸೇನಿ, ಬಿಲ್ಲ ಇನ್ನೂ ಬಂದಿಲ್ಲ
ಮಗಳ ಫೀ ತುಂಬೂ ದಿನ ಬಂತು, ಕೇಳಾವ್ರ ಯಾರೂ ಇಲ್ಲ

ಎರಡನೇ ಸುತ್ತಿನಲ್ಲಿ ‘ಮಗಳ ಫೀ’ ಅನ್ನುವ ಮಾತಿಗೆ ಮೊದಲು ಅವನು ತಡೆದಿದ್ದಾನೆ. ಉಸಿರು ಎಳೆದುಕೊಂಡದ್ದು ಮೊಬೈಲಿನಲ್ಲೂ ಕೇಳುತ್ತದೆ. ಡ್ರಮ್ಮರ್ ಅದನ್ನು ಗಮನಿಸಿದ್ದಾನೆ. ಹೈಹ್ಯಾಟ್ ತಾಳ ಮುಚ್ಚಿ, ಕಾಲಿನ ಡ್ರಮ್ಮಿನ ಒಂದು ಕಿಕ್ ಬಿಟ್ಟು, ಅವನಿಗಾಗಿ ಕಾದಿದ್ದಾನೆ. ನೀವು ಗಿಟಾರಿನಲ್ಲಿ ಒಂದೇ ಒಂದು ಸ್ವರವನ್ನು ಎಳೆದು ಹಿಡಿದಿದ್ದೀರಿ. ಎಲ್ಲ ಸೇರಿ ಅರ್ಧ ಸೆಕೆಂಡೂ ಇಲ್ಲ. ಆದರೆ ಮಾತು ಬಂದು ಬಿದ್ದಾಗ ನನ್ನ ಎದೆ ಹಿಂಡಿತು.

ಅದೇ ಹಾಡಿನ ಕಂಪ್ಯೂಟರ್ ಡೆಮೊದಲ್ಲಿ ಆ ಜಾಗವೇ ಇಲ್ಲ. ಲಯ ತೋರಿಸುವ ಯಂತ್ರದ ಟಕ್ ಟಕ್ ಸದ್ದಿಗೆ, ಅಂದರೆ ಕ್ಲಿಕ್ಕಿಗೆ, ಸರಿಯಾಗಿ ಡ್ರಮ್ಸ್ ಕೂತಿದೆ, ಡ್ರಮ್ಸಿಗೆ ಸರಿಯಾಗಿ ಗಿಟಾರ್, ಗಿಟಾರಿಗೆ ಸರಿಯಾಗಿ ಹಾಡು. ತಪ್ಪು ಒಂದೂ ಇಲ್ಲ. ‘ಮಗಳ ಫೀ’ ಮಾತ್ರ ಸುಮ್ನೆ ಹಾಗೇ ದಾಟಿ ಹೋಗುತ್ತದೆ.

ನಿಮ್ಮ ಹಾಡುಗಳಲ್ಲಿ ಸರಕಿಗೆ ಕೊರತೆಯಿಲ್ಲ. ಅವು ಪಳಗಿಲ್ಲ, ಅಷ್ಟೇ. ಮೊಬೈಲಿನ ಹಾಡನ್ನು ನಾಲ್ವರೂ ಒಂದೇ ಕೋಣೆಯಲ್ಲಿ, ಒಬ್ಬರನ್ನೊಬ್ಬರು ನೋಡುತ್ತ, ಹಲವು ಸಲ ನುಡಿಸಿದ್ದೀರಿ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ಡೆಮೊದಲ್ಲಿರುವುದು ಬರೆದಿಟ್ಟ ಹಾಡು. ನುಡಿಸಿದ ಹಾಡಿಗೂ ಬರೆದಿಟ್ಟ ಹಾಡಿಗೂ ಇರುವ ಅಂತರವೇ ನಿಮ್ಮ ಎರಡು ಆಲ್ಬಮ್‌ಗಳ ನಡುವಿನ ಅಂತರ.

ಈಗ ಎರಡನೇ ಆಲ್ಬಮ್‌ನ ಶಾಪದ ಮಾತು. ಇಪ್ಪತ್ತು ವರ್ಷದಿಂದ ರೆಕಾರ್ಡಿಂಗ್ ಕೆಲಸದಲ್ಲಿದ್ದೇನೆ. ಮೊದಲ ಆಲ್ಬಮ್ ಮುಗಿಸಿದ ಬಹುತೇಕ ಎಲ್ಲ ಬ್ಯಾಂಡಿನವರೂ ಈ ಪ್ರಶ್ನೆ ಕೇಳಿದ್ದಾರೆ. ಶಾಪ ಅನ್ನುವುದು ಇಲ್ಲ. ಲೆಕ್ಕ ಇದೆ. ಮೊದಲ ಆಲ್ಬಮ್‌ನ ಎಂಟು ಹಾಡು ಮೂರು ದಿನದಲ್ಲಿ ಆಯಿತು ಅನ್ನುತ್ತೀರಿ. ಆಗಲಿಲ್ಲ. ಕಾಲೇಜಿನಲ್ಲಿ ಎಷ್ಟು ವರ್ಷ ನುಡಿಸಿದಿರೋ ಅಷ್ಟೂ ವರ್ಷ ಅದಕ್ಕೆ ಸೇರಬೇಕು. ಮೂರು ದಿನದಲ್ಲಿ ಆದದ್ದು ಅದನ್ನು ಹಿಡಿದಿಡುವ ಕೆಲಸ ಮಾತ್ರ. ಈ ಸಲ ಬರೆಯುವುದಕ್ಕೂ ಪಳಗಿಸುವುದಕ್ಕೂ ಹಿಡಿಯುವುದಕ್ಕೂ ಸೇರಿಸಿ ಎರಡೇ ತಿಂಗಳು ಕೊಟ್ಟಿದ್ದೀರಿ.

ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಉದಾಹರಣೆ ನಿಮಗೆ ಹತ್ತಿರದ್ದು. ಅವರ ಮೊದಲ ಆಲ್ಬಮ್ ಸುಮಾರು 36 ಗಂಟೆಯ ಸ್ಟುಡಿಯೋ ಸಮಯದಲ್ಲಿ ಮುಗಿಯಿತು ಅಂತ ಗಿಟಾರಿಸ್ಟ್ ಜಿಮ್ಮಿ ಪೇಜ್ ಹೇಳಿದ್ದಾರೆ. ಇದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಸ್ವಲ್ಪ ಮೊದಲು, 1968ರ ಸೆಪ್ಟೆಂಬರ್‌ನಲ್ಲಿ, ಅವರು ಸ್ಕ್ಯಾಂಡಿನೇವಿಯಾ ಸುತ್ತಿ ಅದರಲ್ಲಿನ ಹಲವು ಹಾಡುಗಳನ್ನು ಜನರ ಮುಂದೆ ನುಡಿಸಿ ಬಂದಿದ್ದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಎರಡನೆಯದಕ್ಕಂತೂ ಅವರಿಗೆ ಸಮಯವೇ ಸಿಗಲಿಲ್ಲ. 1969ರಲ್ಲಿ ಊರೂರು ತಿರುಗುತ್ತ, ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕ ಕಡೆ, ಬ್ರಿಟನ್ ಮತ್ತು ಅಮೆರಿಕದ ಬೇರೆ ಬೇರೆ ಸ್ಟುಡಿಯೋಗಳಲ್ಲಿ ತುಂಡು ತುಂಡಾಗಿ ರೆಕಾರ್ಡ್ ಮಾಡಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ ಆಲ್ಬಮ್ ಎರಡೂ ದೇಶಗಳಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅವಸರ ನಿಮ್ಮದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಆ ಕೈಗಳು ರಾತ್ರಿ ರಾತ್ರಿ ನುಡಿಸುತ್ತಲೇ ಇದ್ದವು. ಹಾಗಾಗಿ ಹಾಡು ಪಳಗುವ ಕೆಲಸ ನಿಲ್ಲಲಿಲ್ಲ.

ಎಡವಿದವರ ಉದಾಹರಣೆಯೂ ಬೇಕು, ಅಲ್ವಾ? ಬ್ರಿಟನ್ನಿನದೇ ಫ್ಲೀಟ್‌ವುಡ್ ಮ್ಯಾಕ್ ಶುರುವಿನಲ್ಲಿ ಪಕ್ಕಾ ಬ್ಲೂಸ್ ಬ್ಯಾಂಡ್. 1968ರ ಫೆಬ್ರವರಿಯಲ್ಲಿ ಮೊದಲ ಆಲ್ಬಮ್, ಅದೇ ಆಗಸ್ಟ್‌ನಲ್ಲಿ ಎರಡನೆಯದು, ‘ಮಿಸ್ಟರ್ ವಂಡರ್‌ಫುಲ್’. ಅದರಲ್ಲಿ ನಾಲ್ಕು ಹಾಡುಗಳು ಹಳೆಯ ಅಮೆರಿಕನ್ ಬ್ಲೂಸ್ ಗಿಟಾರಿಸ್ಟ್ ಎಲ್ಮೋರ್ ಜೇಮ್ಸ್ ಅವರ ಒಂದೇ ಸ್ಲೈಡ್ ಗಿಟಾರ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು) ರಿಫ್‌ನಿಂದ ಶುರುವಾಗುತ್ತವೆ. ಒಂದೊಂದಾಗಿ ಕೇಳಿದರೆ ಚೆನ್ನಾಗಿವೆ. ಸಾಲಾಗಿ ಕೇಳಿದರೆ ಇದು ಆಗಲೇ ಬಂದಿತ್ತಲ್ಲ ಅನಿಸುತ್ತದೆ. ಅವರು ಅಲ್ಲಿಗೇ ನಿಲ್ಲಲಿಲ್ಲ. ಆ ಆಗಸ್ಟ್‌ನಲ್ಲೇ ಡ್ಯಾನಿ ಕರ್ವನ್ ಅನ್ನುವ ಹುಡುಗನನ್ನು ಮೂರನೇ ಗಿಟಾರಿಸ್ಟ್ ಆಗಿ ಸೇರಿಸಿಕೊಂಡರು. ಕೆಲವೇ ತಿಂಗಳಲ್ಲಿ ‘ಆಲ್ಬಟ್ರಾಸ್’ ಬಂತು. ಮಾತೇ ಇಲ್ಲದ, ನಿಧಾನವಾದ ವಾದ್ಯಸಂಗೀತ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನೀವು ಕಳಿಸಿದ ಎರಡು ಡೆಮೊಗಳಿಗೂ ಅದೇ ರೋಗ ಇದೆ. ಎರಡೂ ಇ ಕೀನಲ್ಲಿ, ಅಂದರೆ ಇ ಶ್ರುತಿಯಲ್ಲಿ ಇವೆ. ಮಾವನವರ ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಮೂರು. ಎರಡರಲ್ಲೂ ಗಿಟಾರ್ ರಿಫ್ ಮೊದಲು, ನಾಲ್ಕು ಬಾರ್ (ನಾಲ್ಕು ಎಣಿಕೆಗೆ ಒಂದು ಬಾರ್) ಆದ ಮೇಲೆ ಡ್ರಮ್ಸ್. ಎರಡರಲ್ಲೂ ಅದೇ ಕುಂಟುತ್ತ ತೂಗುವ ಶಫಲ್ ನಡೆ, ಸದ್ದನ್ನು ಒರಟು ಮಾಡುವ ಅದೇ ಡಿಸ್ಟಾರ್ಷನ್ ಪೆಡಲ್, ಎರಡನೇ ಚರಣ ಮುಗಿದ ಕೂಡಲೇ ಗಿಟಾರ್ ಒಂದೇ ಮುಂದೆ ಬರುವ ಸೋಲೋ. ನಿಮ್ಮ ಮೊದಲ ಆಲ್ಬಮ್ ತೆಗೆದು ನೋಡಿ. ಅಲ್ಲೂ ಎಷ್ಟು ಹಾಡು ಇ ಅಥವಾ ಎ ಕೀನಲ್ಲಿವೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಗಿಟಾರ್ ನುಡಿಸುವವರು ಹಾಡು ಕಟ್ಟಿದರೆ ಹೀಗೇ ಆಗುತ್ತದೆ. ಆ ಎರಡು ಕೀಗಳಲ್ಲಿ ತೆರೆದ ತಂತಿಗಳು ಕೈಗೆ ಸುಲಭವಾಗಿ ಸಿಗುತ್ತವೆ. ಕೈಗೆ ಸುಖ, ಆದರೆ ಕಂಠಕ್ಕೆ ಅದು ಸರಿಯಾದ ಜಾಗವೇ ಅಂತ ಯಾರೂ ಕೇಳಿರುವುದಿಲ್ಲ. ಹಾಡುಗಾರನನ್ನು ಗಿಟಾರ್ ಇಲ್ಲದೆ ಹಾಡಲು ಬಿಡಿ. ಅವನು ತಾನಾಗಿ ಎಲ್ಲಿ ನಿಲ್ಲುತ್ತಾನೋ ಆ ಶ್ರುತಿ ಹಿಡಿಯಿರಿ. ಅದು ಕರಿ ಎರಡು ಆಗಿದ್ದರೆ ನಿಮ್ಮ ಬೆರಳಿಗೆ ಕಷ್ಟ. ಆ ಕಷ್ಟದಲ್ಲೇ ಹೊಸ ರಿಫ್ ಹುಟ್ಟುತ್ತದೆ, ಯಾಕಂದ್ರೆ ರೂಢಿಯ ದಾರಿ ಅಲ್ಲಿ ಸಿಗುವುದಿಲ್ಲ.

ಒಂದು ಹಾಡನ್ನು ಬೇಸ್ ಶುರು ಮಾಡಲಿ. ಒಂದನ್ನು ಬರೀ ಕಂಠ. ಮೂರು ಹಾಡಿನಿಂದ ಸೋಲೋ ತೆಗೆದುಹಾಕಿ ನೋಡಿ. ನೋವಾಗುತ್ತದೆ, ಗೊತ್ತು. ಆದರೆ ನಕಲು ಅನ್ನುವ ನಿಮ್ಮ ಅನುಮಾನ ಬಹಳ ಮಟ್ಟಿಗೆ ಇಲ್ಲೇ ಕರಗುತ್ತದೆ.

ಇನ್ನು ಮಾವನವರ ಪ್ರಶ್ನೆ. ಅವರು ಹಂಗಿಸಿಲ್ಲ, ನಿಜವಾಗಿಯೂ ಕೇಳಿದ್ದಾರೆ ಅಂತ ತಿಳಿದು ಉತ್ತರ ಕೊಡುತ್ತೇನೆ. ಹನ್ನೆರಡು ಬಾರ್‌ನ ಬ್ಲೂಸ್ ಸುತ್ತು ಹೀಗೆ: ಮೊದಲ ನಾಲ್ಕು ಬಾರ್ ಷಡ್ಜದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಎರಡು ಬಾರ್ ಮಧ್ಯಮದ್ದು, ಮತ್ತೆ ಎರಡು ಷಡ್ಜದ್ದು, ಒಂದು ಪಂಚಮ, ಒಂದು ಮಧ್ಯಮ, ಕೊನೆಗೆ ಎರಡು ಬಾರ್ ಮನೆಗೆ ವಾಪಸ್. ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಅದಕ್ಕೆ ಉತ್ತರವಾಗಿ ಮೂರನೇ ಸಾಲು. ಪ್ರತಿ ಸಾಲು ಸುಮಾರು ಎರಡು ಬಾರ್‌ನಲ್ಲಿ ಮುಗಿಯುತ್ತದೆ. ಉಳಿದ ಎರಡು ಬಾರ್‌ನಲ್ಲಿ ಗಿಟಾರ್ ಮಾತಾಡುತ್ತದೆ. ನಮ್ಮ ಗೀಗೀ ಪದದಲ್ಲಿ ಮುಂದಿನವರು ಹಾಡಿ ಬಿಟ್ಟ ಕಡೆ ಹಿಮ್ಮೇಳದವರು ‘ಗೀಯ ಗೀಯ’ ಅಂತ ಎತ್ತಿಕೊಳ್ಳುವುದಿಲ್ಲವೇ, ಅದೇ ಜಾಗ ಇದು.

ಮಾವನವರು ವಿಲಂಬಿತ ಏಕತಾಳದಲ್ಲಿ ಎರಡು ಸಾಲಿನ ಬಂದಿಶ್ ಹಿಡಿದು ಅರ್ಧ ಗಂಟೆ ಹಾಡುತ್ತಾರೆ. ಅಲ್ಲೂ ಹನ್ನೆರಡೇ ಮಾತ್ರೆ. ಎರಡೇ ಸಾಲಿನಲ್ಲಿ ಇನ್ನೆಷ್ಟು ಹಾಡುತ್ತೀರಿ ಅಂತ ಅವರನ್ನು ಯಾರೂ ಕೇಳುವುದಿಲ್ಲ. ಸುತ್ತು ಗಟ್ಟಿಯಾಗಿದ್ದರೆ ಒಳಗೆ ಓಡಾಡುವವನಿಗೆ ಸ್ವಾತಂತ್ರ್ಯ ಸಿಗುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೂ ಒಂದು ಮಾತು ಹೇಳಿ. ಗಿಟಾರಿಸ್ಟರು ಬ್ಲೂಸ್ ಸೋಲೋದಲ್ಲಿ ಹಿಡಿಯುವ ಐದು ಸ್ವರ ಧಾನಿ ರಾಗದ ಸ ಗ ಮ ಪ ನಿ, ಗಾಂಧಾರ ನಿಷಾದ ಎರಡೂ ಕೋಮಲ. ಆದರೆ ಬ್ಲೂಸಿನ ಗಾಂಧಾರ ಕೋಮಲದಲ್ಲೇ ಕೂರುವುದಿಲ್ಲ. ತಂತಿಯನ್ನು ಬೆರಳಿನಿಂದ ಮೇಲಕ್ಕೆ ನೂಕಿ ಶುದ್ಧ ಗಾಂಧಾರದ ಕಡೆಗೆ ಒಯ್ಯುತ್ತಾರೆ, ಪೂರ್ತಿ ಮುಟ್ಟದೆ ಬಿಡುತ್ತಾರೆ. ಜೋಗ್ ರಾಗದಲ್ಲಿ ಎರಡು ಗಾಂಧಾರಗಳು ಹತ್ತಿರ ಹತ್ತಿರ ಬಂದಾಗ ಆಗುವ ತಳಮಳ ಇದೆಯಲ್ಲ, ಅದಕ್ಕೆ ಇದು ತೀರ ಹತ್ತಿರ. ಎರಡಕ್ಕೂ ಸಂಬಂಧ ಇದೆ ಅಂತ ಹೇಳುತ್ತಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಕೇಳಿ ಬೆಳೆದ ಕಿವಿಗೆ ಬ್ಲೂಸ್ ಪರಕೀಯವಲ್ಲ ಅಂತ ಹೇಳುತ್ತಿದ್ದೇನೆ. ಒಂದು ಸಂಜೆ ಅವರ ಮುಂದೆ ಕೂತು ಈ ಒಂದು ಸ್ವರವನ್ನು ಎಳೆದು ತೋರಿಸಿ.

ಮೂರು ಕಾರ್ಡ್ ಕಡ್ಡಾಯವೂ ಅಲ್ಲ. ಅಮೆರಿಕದ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಎಷ್ಟೋ ಹಾಡುಗಳನ್ನು ಒಂದೇ ಕಾರ್ಡಿನ ಮೇಲೆ, ಕಾಲಿನಿಂದ ನೆಲ ತಟ್ಟುತ್ತ ಹಾಡಿದರು. ಬಾರ್ ಲೆಕ್ಕವನ್ನೂ ಅವರು ಇಡುತ್ತಿರಲಿಲ್ಲ. ಮಾತು ಮುಗಿದ ಮೇಲೆ ಕಾರ್ಡ್ ಬದಲಾಗುತ್ತಿತ್ತು. ನಿಮ್ಮ ಮೊಬೈಲ್ ರೆಕಾರ್ಡಿಂಗ್‌ನಲ್ಲಿ ಡ್ರಮ್ಮರ್ ಕಾದನಲ್ಲ, ಅದು ಆ ದಾರಿಯದ್ದೇ.

ಮುಂಬೈ ಸ್ಟುಡಿಯೋ ವಿಷಯದಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಸುಮಾರು ಹದಿನೈದು ವರ್ಷದ ಹಿಂದೆ ನಾನು ಬೇಸ್ ನುಡಿಸುತ್ತಿದ್ದ ಬ್ಯಾಂಡ್ ಹೀಗೇ ದುಡ್ಡು ಕೂಡಿಸಿಕೊಂಡು ದೊಡ್ಡ ನಗರದ ಒಂದು ಸ್ಟುಡಿಯೋಗೆ ಹೋಯಿತು. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಮೊದಲ ದಿನವೆಲ್ಲ ಡ್ರಮ್ಸಿಗೆ ಮೈಕ್ ಹೂಡುವುದರಲ್ಲೇ ಹೋಯಿತು. ಎರಡನೇ ದಿನ ನಾಲ್ವರೂ ನಾಲ್ಕು ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್, ಕಣ್ಣು ಗೋಡೆಯ ಗಡಿಯಾರದ ಮೇಲೆ. ನಾನು ಒಂದು ತಪ್ಪನ್ನೂ ಮಾಡಲಿಲ್ಲ. ಯಾರೂ ಮಾಡಲಿಲ್ಲ. ಆ ರೆಕಾರ್ಡಿಂಗ್ ಈಗಲೂ ನನ್ನ ಹತ್ತಿರ ಇದೆ. ಸದ್ದು ಬಹಳ ಸ್ವಚ್ಛವಾಗಿದೆ. ಅದರಲ್ಲಿ ನಾವು ಮಾತ್ರ ಇಲ್ಲ. ಸ್ಟುಡಿಯೋದವರ ತಪ್ಪೇನೂ ಇರಲಿಲ್ಲ. ಪಳಗದ ಹಾಡುಗಳನ್ನು ಹಿಡಿದುಕೊಂಡು, ಗಡಿಯಾರ ನೋಡಿಕೊಂಡು ನುಡಿಸಲು ಹೋದದ್ದು ನಮ್ಮ ತಪ್ಪು.

ದೊಡ್ಡ ಜಾಗ ಇಲ್ಲದೆ ಎರಡನೇ ಆಲ್ಬಮ್ ಆಗುತ್ತದೆಯೇ ಅಂದರೆ, ಆಗಿದೆ. ಅಮೆರಿಕದ ಒಹಾಯೋ ರಾಜ್ಯದ ಆಕ್ರನ್ ಊರಿನ ಬ್ಲ್ಯಾಕ್ ಕೀಸ್ ಇಬ್ಬರೇ ಇರುವ ಬ್ಯಾಂಡ್, ಗಿಟಾರ್ ಮತ್ತು ಡ್ರಮ್ಸ್. 2003ರಲ್ಲಿ ಬಂದ ಅವರ ಎರಡನೇ ಆಲ್ಬಮ್ ‘ಥಿಕ್‌ಫ್ರೀಕ್‌ನೆಸ್’ ಅನ್ನು ಡ್ರಮ್ಮರ್ ಪ್ಯಾಟ್ರಿಕ್ ಕಾರ್ನಿ ಮನೆಯ ನೆಲಮಾಳಿಗೆಯಲ್ಲಿ, 1980ರ ದಶಕದ ಟ್ಯಾಸ್ಕಾಮ್ ಎಂಟು ಟ್ರ್ಯಾಕ್ ಟೇಪ್ ಯಂತ್ರದಲ್ಲಿ, 14 ಗಂಟೆಯ ಒಂದೇ ಬೈಠಕ್‌ನಲ್ಲಿ ಹೆಚ್ಚೂಕಡಿಮೆ ಪೂರ್ತಿ ಮಾಡಿದರು. ಅದರ ಮುಂದಿನದನ್ನು ಬೀಗ ಬಿದ್ದ ಟೈರ್ ಕಾರ್ಖಾನೆಯಲ್ಲಿ ಮಾಡಿದರು. ಸದ್ದು ಒರಟಾಗಿದೆ. ಆ ಹಾಡುಗಳಿಗೆ ಆ ಒರಟುತನ ಒಪ್ಪುತ್ತದೆ. ಎಲ್ಲ ಹಾಡಿಗೂ ಒಪ್ಪುವುದಿಲ್ಲ ಅನ್ನುವುದೂ ನಿಜ. ನಿಮ್ಮಲ್ಲಿ ಕನ್ನಡದ ಮಾತು ಮುಖ್ಯ. ಕಂಠ ಮಸುಕಾದರೆ ಹಾಡು ಕೆಟ್ಟಿತು.

ಹಾಗಾಗಿ ನಾನಾದರೆ ಹೀಗೆ ಮಾಡುತ್ತೇನೆ. ರೆಕಾರ್ಡಿಂಗ್ ಬೆಳಗಾವಿಯಲ್ಲೇ, ಮೊದಲ ಆಲ್ಬಮ್ ಮಾಡಿದ ಹಾಲ್‌ನಲ್ಲೇ. ಒಂದು ಒಳ್ಳೆಯ ಕಂಠದ ಮೈಕ್, ಡ್ರಮ್ಸಿಗೆ ಬೇಕಾದ ಮೈಕುಗಳು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್, ಎಲ್ಲ ಬಾಡಿಗೆಗೆ ತನ್ನಿ. ಗೋಡೆಗೆ ಕೌದಿ ಕಟ್ಟಿ. ಅಜ್ಜಿ ಹೊಲಿದ ದಪ್ಪ ಕೌದಿಗಿಂತ ಒಳ್ಳೆಯದು ಸುಲಭಕ್ಕೆ ಸಿಗುವುದಿಲ್ಲ. ಗೋಡೆಗೆ ಒತ್ತಿ ಕಟ್ಟಬೇಡಿ, ಒಂದು ಗೇಣು ಬಿಟ್ಟು ಹಗ್ಗದ ಮೇಲೆ ಇಳಿಬಿಡಿ. ಆಗ ಇನ್ನೂ ಚೆನ್ನಾಗಿ ಸದ್ದು ಹೀರುತ್ತದೆ. ಕೌದಿ ತಡೆಯುವುದು ಸಿಂಬಲ್‌ನಂಥ ಚೂಪು ಸದ್ದನ್ನು. ಬೇಸ್ ಮತ್ತು ಕಿಕ್ ಡ್ರಮ್ಮಿನ ಗುಂಯ್ ಅನ್ನುವ ಸದ್ದು ಕೋಣೆಯ ಮೂಲೆಗಳಲ್ಲಿ ಸೇರುತ್ತದೆ. ಅಲ್ಲಿ ಹತ್ತಿಯ ಗಾದಿಗಳನ್ನು ಸುತ್ತಿ ನಿಲ್ಲಿಸಿ. ಗಿಟಾರ್ ಆಂಪನ್ನು ಅಡುಗೆಮನೆಗೋ ಬಚ್ಚಲಿಗೋ ಹಾಕಿ ಬಾಗಿಲು ಮುಂದೆ ಮಾಡಿ. ನೀವು ಮಾತ್ರ ಹಾಲ್‌ನಲ್ಲೇ ನಿಂತು, ನಾಲ್ವರೂ ಒಬ್ಬರಿಗೊಬ್ಬರು ಕಾಣುವ ಹಾಗೆ ನುಡಿಸಿ. ಕ್ಲಿಕ್ ಬೇಕಾದರೆ ಲಯ ಹಿಡಿಯಲು ನಾಲ್ಕು ಬಾರ್ ಕೇಳಿ, ಆಮೇಲೆ ಬಂದ್ ಮಾಡಿ.

ಶುರು ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ. ಇದನ್ನು ಮರೆತು ನಾನು ಒಮ್ಮೆ ಎರಡು ದಿನದ ಟೇಕ್ ಕಳೆದುಕೊಂಡಿದ್ದೇನೆ. ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್ 50 ಹರ್ಟ್ಸ್‌ನ ಕರೆಂಟಿನ ಗುಂಯ್‌ಗುಡುವಿಕೆಯನ್ನು ಹಿಡಿದುಕೊಂಡುಬಿಡುತ್ತದೆ. ಒಮ್ಮೆ ಸೇರಿತು ಅಂದರೆ ಸ್ವರ ಕೆಡಿಸದೆ ಅದನ್ನು ತೆಗೆಯುವುದು ಬಹಳ ಕಷ್ಟ.

ಮೂರು ಲಕ್ಷದಲ್ಲಿ ಒಂದು ಲಕ್ಷವನ್ನು ಮುಟ್ಟದೆ ಎತ್ತಿಡಿ, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್‌ಗೆ, ಅಂದರೆ ಹಿಡಿದ ಸದ್ದುಗಳನ್ನು ಹದವಾಗಿ ಬೆರೆಸಿ ಕೊನೆಯ ರೂಪ ಕೊಡುವುದಕ್ಕೆ. ಅದಕ್ಕೆ ಮುಂಬೈಯವರಿಗೋ ಬೆಂಗಳೂರಿನವರಿಗೋ ಫೈಲ್ ಕಳಿಸಿ. ಹೊಸ ಕಿವಿ ಬೇಕಾಗುವುದು ಅಲ್ಲಿ. ಇದರಲ್ಲಿ ಅಪಾಯವೂ ಇದೆ. ಮನೆಯಲ್ಲಿ ಕೆಟ್ಟದಾಗಿ ಹಿಡಿದ ಡ್ರಮ್ಸನ್ನು ಯಾವ ಮಿಕ್ಸಿಂಗ್ ಇಂಜಿನಿಯರ್ ಕೂಡ ಪೂರ್ತಿ ಸರಿ ಮಾಡಲಾರ. ಒಂದು ಹಾಡನ್ನು ಮಾತ್ರ ಮೊದಲು ಹಿಡಿದು ಅವರಿಗೆ ಕಳಿಸಿ, ಸರಿಯಿದೆ ಅಂದ ಮೇಲೆ ಉಳಿದದ್ದಕ್ಕೆ ಕೈಹಾಕಿ.

ರಿಫ್ ವಿಷಯದಲ್ಲಿ ನಿಮ್ಮ ಗೆಳೆಯರ ಮಾತು ಅರ್ಧ ಸರಿ. ಹನ್ನೆರಡು ಬಾರ್‌ನ ಸುತ್ತು, ಶಫಲ್ ನಡೆ, ಸಾಲನ್ನು ಎರಡು ಸಲ ಹೇಳುವ ಪದ್ಧತಿ, ಇವು ಯಾರ ಆಸ್ತಿಯೂ ಅಲ್ಲ. ಒಬ್ಬರು ಕಟ್ಟಿದ ಧಾಟಿ, ಒಬ್ಬರು ಬರೆದ ಸಾಲು ಆಸ್ತಿಯೇ. ಆಗಲೇ ಹೇಳಿದ ಲೆಡ್ ಜೆಪ್ಲಿನ್ ಎರಡನೇ ಆಲ್ಬಮ್‌ನ ಮೊದಲ ಹಾಡಿನಲ್ಲಿ ವಿಲ್ಲಿ ಡಿಕ್ಸನ್ ಅವರ ಸಾಲುಗಳು ಹೆಸರಿಲ್ಲದೆ ಬಂದಿದ್ದವು. ಡಿಕ್ಸನ್ ಅವನ್ನು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ಗಾಗಿ ಬರೆದದ್ದು. 1985ರಲ್ಲಿ ಕೇಸ್ ಹಾಕಿದರು, 1987ರಲ್ಲಿ ರಾಜಿಯಾಯಿತು. ಈಗ ಆ ಹಾಡಿನ ಕೆಳಗೆ ಡಿಕ್ಸನ್ ಹೆಸರೂ ಇರುತ್ತದೆ. ಮಿಸಿಸಿಪ್ಪಿಯಲ್ಲಿ ಹುಟ್ಟಿದ, ಜೀವನವಿಡೀ ಬೇರೆಯವರಿಗೆ ಹಾಡು ಬರೆದುಕೊಟ್ಟ ಮನುಷ್ಯ. ತನ್ನ ಹೆಸರಿಗಾಗಿ ಅಷ್ಟು ವರ್ಷ ಕಾಯಬೇಕಾಯಿತು. ಈ ಸಂಗೀತವನ್ನು ಪ್ರಾಣ ಅನ್ನುವವರು ನಾವು. ನಮ್ಮಿಂದ ಅದೇ ತಪ್ಪು ಆಗಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಇರುವುದು ಬರೆದವರು ತೀರಿಕೊಂಡ ಮೇಲೂ 60 ವರ್ಷ. ಡಿಕ್ಸನ್ ತೀರಿಕೊಂಡದ್ದು 1992ರಲ್ಲಿ. ಆ ಲೆಕ್ಕದಲ್ಲಿ 2052 ಮುಗಿಯುವವರೆಗೆ. ಹತ್ತಿರದ ಉದಾಹರಣೆ ಬೇಕಾದರೆ, ನಿಮ್ಮ ಹಾಡುಗಾರ ನಾಳೆ ಶಿಶುನಾಳ ಶರೀಫರ ಪದವನ್ನು ಬ್ಲೂಸ್‌ನಲ್ಲಿ ಹಾಡೋಣ ಅನ್ನಬಹುದು. ಶರೀಫರು ತೀರಿಕೊಂಡದ್ದು 1889ರಲ್ಲಿ. ಮಾತು ಎಲ್ಲರದೂ. ಆದರೆ ನಮ್ಮೆಲ್ಲರ ಕಿವಿಯಲ್ಲಿ ಕೂತಿರುವ ಹಲವು ಧಾಟಿಗಳು ಸಿ. ಅಶ್ವಥ್ ಅವರವು. ಅವರು ಹೋದದ್ದು 2009ರಲ್ಲಿ. ಪದ ತೆಗೆದುಕೊಳ್ಳಿ, ಧಾಟಿ ನೀವೇ ಕಟ್ಟಿ. ನೀವು ಹೇಳಿದ ಹಳೆಯ ಅಮೆರಿಕನ್ ಹಾಡಿನ ಸಾಲನ್ನು ಬಿಟ್ಟುಬಿಡಿ. ರಿಫ್ ತೆಗೆದರೆ ಹಾಡು ನಿಲ್ಲುತ್ತದೆಯೇ ನೋಡಿ. ನಿಂತರೆ ಹೊಸ ರಿಫ್ ಹುಡುಕಿ. ನಿಲ್ಲದಿದ್ದರೆ ಅದು ನಿಮ್ಮ ಹಾಡಲ್ಲ. ಲೈಸೆನ್ಸ್ ಪಡೆದು ಮೂಲದವರ ಹೆಸರು ಹಾಕಿ ಅವರ ಹಾಡನ್ನೇ ಹಾಡಬಹುದು. ಅದಕ್ಕೆ ಖರ್ಚು, ಓಡಾಟ ಎರಡೂ ಇವೆ. ಹಾಗೇ ಬಿಟ್ಟರೆ ಒಂದು ದಿನ ಯೂಟ್ಯೂಬ್‌ನಲ್ಲಿ ಯಾರೋ ಹಕ್ಕು ಕೇಳುತ್ತಾರೆ, ಹಾಡಿನ ದುಡ್ಡು ಅವರಿಗೆ ಹೋಗುತ್ತದೆ.

ಚೌಡಕಿಯ ಮಾತು ನನಗೆ ಬಹಳ ಹಿಡಿಸಿತು. ಅದಕ್ಕೇ ಎಚ್ಚರಿಕೆಯನ್ನೂ ಹೇಳುತ್ತೇನೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ಚೌಡಕಿ ನುಡಿಸುವುದನ್ನು ಹತ್ತಿರ ಕೂತು ನೋಡಿದ್ದೀರಾ? ಕಂಕುಳಲ್ಲಿ ಒಂದು ಕೊಳಗದಂಥ ಟೊಳ್ಳು, ಕೆಳಗೆ ಚರ್ಮ. ಚರ್ಮದಿಂದ ಹೊರಟ ಒಂದೇ ತಂತಿ ಮೇಲಿನ ಕೋಲಿಗೆ ಹೋಗುತ್ತದೆ. ತಂತಿಯನ್ನು ಮೀಟುತ್ತಾರೆ. ಅದರ ಬಿಗಿ ಹೆಚ್ಚು ಕಡಿಮೆ ಆದ ಹಾಗೆ ಸ್ವರ ಬಾಗುತ್ತದೆ, ಏರುತ್ತದೆ, ಗುಂಯ್ ಅಂತ ಇಳಿಯುತ್ತದೆ. ಅಮೆರಿಕದ ದಕ್ಷಿಣದಲ್ಲಿ ಬಡ ಮಕ್ಕಳು ಗೋಡೆಗೋ ಹಲಗೆಗೋ ಒಂದು ತಂತಿ ಹೊಡೆದು, ಬಾಟಲಿ ಜಾರಿಸಿ ನುಡಿಸುತ್ತಿದ್ದ ವಾದ್ಯವೊಂದಿದೆ, ಡಿಡ್ಲಿ ಬೋ. ಸ್ಲೈಡ್ ಗಿಟಾರ್ ನುಡಿಸಿದ ಎಷ್ಟೋ ಜನರ ಮೊದಲ ವಾದ್ಯ ಅದೇ. ಎರಡೂ ಒಂದು ತಂತಿಯಲ್ಲಿ ಮನುಷ್ಯನ ಗೋಳನ್ನು ಹೇಳುತ್ತವೆ.

ಚೌಡಕಿಯನ್ನು ಹಾಡಿನ ಶುರುವಿನಲ್ಲಿ ಹತ್ತು ಸೆಕೆಂಡ್ ಕೇಳಿಸಿ ಆಮೇಲೆ ನಿಮ್ಮ ಗಿಟಾರ್ ಅದನ್ನು ಮುಚ್ಚಿಬಿಟ್ಟರೆ ಅದು ತೋರಣ ಆಗುತ್ತದೆ, ಅಷ್ಟೇ. ಸುಳೇಭಾವಿ ನಿಮ್ಮ ಊರಿಗೆ ಎಷ್ಟು ದೂರ? ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಅಲ್ಲಿ. ಕ್ಷಯ ಬಂದು ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದಾಗ ಅವರು ಮಾಳವದ ಜನಪದ ಹಾಡುಗಳನ್ನು ಕೇಳುತ್ತ ಇದ್ದರು. ಎದ್ದು ಮತ್ತೆ ಹಾಡಿದಾಗ ಆ ಧಾಟಿಗಳು ಅವರ ಖಯಾಲ್ ಒಳಗೇ ಸೇರಿಹೋಗಿದ್ದವು, ಅವುಗಳಿಂದ ಹೊಸ ರಾಗಗಳೂ ಹುಟ್ಟಿದವು. ಅಷ್ಟು ವರ್ಷ ನಿಮಗೆ ಬೇಡ. ಆದರೆ ಒಬ್ಬ ಚೌಡಕಿ ಕಲಾವಿದೆಯ ಜೊತೆ ನಾಲ್ಕಾರು ಸಲ ಸುಮ್ನೆ ಕೂತು ಕೇಳಿ. ಅವರ ವಾದ್ಯವನ್ನು ನಿಮ್ಮ ಶ್ರುತಿಗೆ ತರಬೇಡಿ, ನಿಮ್ಮ ಗಿಟಾರನ್ನು ಅವರ ಶ್ರುತಿಗೆ ತನ್ನಿ. ಹಾಡಿನಲ್ಲಿ ಅವರ ಹೆಸರು ಹಾಕಿ. ಆ ದಿನದ ಸಂಭಾವನೆ ಕೊಡಿ, ಮುಂದೆ ಬರುವ ರಾಯಲ್ಟಿಯಲ್ಲೂ ಪಾಲು ಬರೆದುಕೊಡಿ. ಇಡೀ ಆಲ್ಬಮ್‌ಗೆ ಬೇಡ, ಒಂದೋ ಎರಡೋ ಹಾಡಿಗೆ ಸಾಕು.

ಬ್ಲೂಸ್ ಬಿಡೋಣ ಅನ್ನುವ ಗೆಳೆಯನ ಮಾತನ್ನು ತಳ್ಳಿಹಾಕಬೇಡಿ. ಶಫಲ್‌ನಲ್ಲಿ ಬೇಸ್ ನುಡಿಸುವವನ ಕೈ ಒಂದೇ ದಾರಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ನನಗೆ ಆ ಬೇಸರ ಗೊತ್ತು. ಎರಡು ಹಾಡಿನ ಅಡಿಪಾಯ ಅವನೇ ಹಾಕಲಿ, ನೀವು ಅವನ ಹಿಂದೆ ಹೋಗಿ. ಆಮೇಲೂ ಬೇಡ ಅಂದರೆ ಆಗ ಮಾತಾಡಿ.

ಈಗ ದಾರಿಗಳು. ಹನ್ನೊಂದನ್ನೂ ಈಗಲೇ ಮುಗಿಸಿ ಬಿಡುಗಡೆ ಮಾಡಬಹುದು. ಜನ ಮರೆಯುವ ಮುನ್ನ ಬರುತ್ತದೆ, ಆದರೆ ನಿಮಗೇ ಒಪ್ಪಿಗೆಯಾಗದ ಆಲ್ಬಮ್ ಅದು. ಮುಂದಿನ ಐದಾರು ವರ್ಷ ಅದೇ ಹಾಡುಗಳನ್ನು ನುಡಿಸಬೇಕಾಗುತ್ತದೆ. ನನಗಂತೂ ಇದು ಬೇಡ ಅನಿಸುತ್ತದೆ. ಎರಡನೆಯದು, ಗಟ್ಟಿಯಾದ ನಾಲ್ಕು ಹಾಡುಗಳ ಚಿಕ್ಕ ಇಪಿ ಈಗ, ಪೂರ್ತಿ ಆಲ್ಬಮ್ ಆಮೇಲೆ. ಇದರಲ್ಲಿ ತೊಂದರೆ ಏನಂದ್ರೆ ಒಳ್ಳೆಯ ನಾಲ್ಕು ಮೊದಲೇ ಖರ್ಚಾಗುತ್ತವೆ. ಮೂರನೆಯದು, ಜನರ ಮುಂದೆಯೇ ರೆಕಾರ್ಡ್ ಮಾಡುವುದು. ಅಮೆರಿಕದ ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಮೊದಲ ಆಲ್ಬಮ್ ಅಷ್ಟಾಗಿ ಮಾರಾಟವಾಗಲಿಲ್ಲ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ ಕೇಳುಗರ ಎದುರು ಹಿಡಿದ ರೆಕಾರ್ಡಿಂಗ್ ಅವರ ಮೂರನೇ ಆಲ್ಬಮ್ ಆಗಿ ಬಂದು ಅವರ ಹೆಸರು ಮಾಡಿತು. ನಿಮ್ಮ ಮೊಬೈಲ್ ರೆಕಾರ್ಡಿಂಗ್ ಕೇಳಿದರೆ ಇದು ನಿಮಗೆ ಹೊಂದಬಹುದು ಅನಿಸುತ್ತದೆ. ಆದರೆ ಆ ರಾತ್ರಿ ಮೈಕ್ ಕೈಕೊಟ್ಟರೆ ಮತ್ತೆ ಸಿಗುವುದಿಲ್ಲ. ಎರಡು ರಾತ್ರಿಯಾದರೂ ಹಿಡಿಯಬೇಕು.

ನಾನು ಹೇಳುವುದು ನಾಲ್ಕನೆಯದನ್ನು. ಆರು ತಿಂಗಳು ತಡೆಯಿರಿ. ಆದರೆ ಸುಮ್ಮನೆ ಕೂರಬೇಡಿ. ಶಿಲ್ಲಾಂಗ್‌ನ ಸೋಲ್‌ಮೇಟ್ ನಮ್ಮ ದೇಶದ ಬ್ಲೂಸ್ ಬ್ಯಾಂಡುಗಳಲ್ಲಿ ಮೊದಲ ಸಾಲಿನದು. 2005ರಲ್ಲಿ ಮೊದಲ ಆಲ್ಬಮ್, ಎರಡನೆಯದು ಬಂದದ್ದು 2009ರಲ್ಲಿ. ನಡುವೆ ಅವರು ವೇದಿಕೆ ಬಿಟ್ಟಿರಲಿಲ್ಲ. ತಡ ಮಾಡಿದರೆ ಅಪಾಯ ಇಲ್ಲ ಅಂತ ಹೇಳಲಾರೆ. ಯಾರಿಗೋ ಪುಣೆಯಲ್ಲಿ ಕೆಲಸ ಸಿಗಬಹುದು, ಯಾರದೋ ಮದುವೆ ನಿಶ್ಚಯವಾಗಬಹುದು. ಅದಕ್ಕೇ ರೆಕಾರ್ಡಿಂಗ್ ದಿನಾಂಕವನ್ನು ಈಗಲೇ ಗೊತ್ತು ಮಾಡಿ, ನಾಲ್ವರೂ ರಜೆ ಬರೆದಿಡಿ. ಗಣಪತಿ ಹಬ್ಬ, ದಸರಾ, ರಾಜ್ಯೋತ್ಸವದ ಗದ್ದಲ ಎಲ್ಲ ಮುಗಿದ ಮೇಲಿನ ದಿನಗಳು ಒಳ್ಳೆಯವು. ಬೆಳಗಾವಿಯ ಮಳೆಗಾಲದಲ್ಲಿ ಗಿಟಾರಿನ ಮರ ತೇವ ಹೀರಿ ಉಬ್ಬುತ್ತದೆ, ಶ್ರುತಿ ನಿಲ್ಲುವುದಿಲ್ಲ, ಹೆಂಚಿನ ಮೇಲಿನ ಮಳೆ ಮೈಕಿನಲ್ಲಿ ಕೂರುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಈ ಕಾಟ ಕಡಿಮೆ.

ಅಲ್ಲಿಯವರೆಗೆ ಪ್ರತಿ ಕಾರ್ಯಕ್ರಮದಲ್ಲೂ ಎರಡು ಹೊಸ ಹಾಡು ನುಡಿಸಿ. ಜನಕ್ಕೆ ಗೊತ್ತಿರುವ ಎರಡು ಹಾಡುಗಳ ನಡುವೆ ಇಡಿ, ಹೊಸದು ಅಂತ ಹೇಳಬೇಡಿ. ಕಾರ್ಯಕ್ರಮ ಇಲ್ಲದ ತಿಂಗಳು ಮೂವತ್ತು ಜನರನ್ನು ಮನೆಗೆ ಕರೆದು ನುಡಿಸಿ. ಮೊಬೈಲ್ ಆನ್ ಇರಲಿ. ಯಾವ ಜಾಗದಲ್ಲಿ ಜನ ಪಕ್ಕದವರ ಜೊತೆ ಮಾತಿಗಿಳಿದರು ಅಂತ ಗಮನಿಸಿ, ಅಲ್ಲಿ ಹಾಡು ಉದ್ದವಾಗಿದೆ. ಹತ್ತು ಸಲ ನುಡಿಸಿದ ಮೇಲೆ ಹಾಡು ತನ್ನ ಲಯಕ್ಕೆ ಬಂದು ಕೂರುತ್ತದೆ. ಡೆಮೊದ ಲಯಕ್ಕೂ ಅದಕ್ಕೂ ವ್ಯತ್ಯಾಸ ಇರುವುದನ್ನು ನಾನು ಹೆಚ್ಚು ಕಡಿಮೆ ಪ್ರತಿ ಬ್ಯಾಂಡಿನಲ್ಲೂ ನೋಡಿದ್ದೇನೆ. ಆ ಲಯವನ್ನು ಅಳೆದು ಬರೆದಿಟ್ಟುಕೊಳ್ಳಿ. ರೆಕಾರ್ಡಿಂಗ್ ದಿನ ಕ್ಲಿಕ್ಕನ್ನು ಅದಕ್ಕೇ ಹೊಂದಿಸಿ. ಹನ್ನೊಂದರಲ್ಲಿ ಮೂರೋ ನಾಲ್ಕೋ ಹಾಡು ಈ ದಾರಿಯಲ್ಲಿ ತಾವಾಗಿಯೇ ಉದುರಿಹೋಗುತ್ತವೆ. ಹೋಗಲಿ ಬಿಡಿ.

ಆ ಕಂಪ್ಯೂಟರ್ ಡೆಮೊಗಳನ್ನು ಸದ್ಯಕ್ಕೆ ಯಾರಿಗೂ ಕೇಳಿಸಬೇಡಿ. ಮೊಬೈಲಿನ ಕಬ್ಬಿನ ಹಾಡನ್ನು ಮಾತ್ರ ಈ ವಾರವೇ ನಾಲ್ವರೂ ಕೂತು ಕೇಳಿ, ಎರಡನೇ ಸುತ್ತಿನ ಆ ಜಾಗ ಬಂದಾಗ ಡ್ರಮ್ಮರ್‌ನ ಮುಖ ನೋಡಿ. ತಾನು ಕಾದಿದ್ದೇನೆ ಅಂತ ಅವನಿಗೇ ಗೊತ್ತಿರಲಿಕ್ಕಿಲ್ಲ. ಪಕ್ಕದ ಮನೆಯವರ ಹತ್ತಿರ ಮಗ್ಗ ಯಾವ ಹೊತ್ತಿಗೆ ನಿಲ್ಲುತ್ತದೆ ಅಂತಲೂ ಕೇಳಿಟ್ಟುಕೊಳ್ಳಿ. ಹೊಸ ಕೀನಲ್ಲಿ ಅದೇ ಹಾಡನ್ನು ನುಡಿಸಿದ ಮೇಲೆ ನನಗೆ ಇನ್ನೊಮ್ಮೆ ಕಳಿಸಿ. ಮೊಬೈಲಿನಲ್ಲಿ ಹಿಡಿದದ್ದೇ ಸಾಕು.